ಆಸೆಗಳ ಕಡತ

ಹ್ಯಾಂಬರ್ಗ್ ನಗರದಲ್ಲಿ, ಎಲ್ಬೆ ನದಿಯ ದಡದ ಏರಿನ ಮೇಲೆ, ಒಂದಿಷ್ಟು ತಾಳೆ ಮರಗಳಿವೆ. ಉತ್ತರ ಜರ್ಮನಿಯ ಚಳಿಗೆ ತಾಳೆ ಬದುಕುವುದಿಲ್ಲ. ಇವು ಲೋಹದ ಮರಗಳು. ಪಕ್ಕದಲ್ಲಿ ಅಲೆಯಂತೆ ಏರಿಳಿಯುವ ಹುಲ್ಲುಹಾಸು, ಅದರ ಹೆಸರು 'ಹಾರುವ ಜಮಖಾನ'. ಅಂಚಿಗೆ ಸ್ಪೇನಿನ ಅಲ್‌ಹಂಬ್ರ ಅರಮನೆಯ ನೆನಪು ತರುವ ಮೊಸಾಯಿಕ್. ಆಚೆಗೆ ಟುಲಿಪ್ ಹೂವಿನ ಚಿತ್ತಾರದ ಆಟದ ಅಂಗಳ, ನಾಯಿಗಳಿಗೆಂದೇ ಒಂದು ಚಿಕ್ಕ ತೋಟ. ಎದುರು ದಡದಲ್ಲಿ ಹಡಗು ದುರಸ್ತಿ ಮಾಡುವ ಡಾಕ್ ಮತ್ತು ಅದರ ಕ್ರೇನುಗಳು. ಯಾವ ನಗರಸಭೆಯ ತೋಟಗಾರಿಕೆ ವಿಭಾಗವೂ ತಾನಾಗಿ ಇಂಥ ಅಂದಾಜುಪಟ್ಟಿ ತಯಾರಿಸುವುದಿಲ್ಲ. ಸರ್ಕಾರಿ ದಾಖಲೆಯಲ್ಲಿ ಇದು ಆಂಟೊನಿ ಪಾರ್ಕ್. ಜನರ ಬಾಯಲ್ಲಿ ಪಾರ್ಕ್ ಫಿಕ್ಷನ್, ಅಂದರೆ ಕಟ್ಟುಕಥೆಯ ಉದ್ಯಾನ.

ಕಟ್ಟುಕಥೆ ಎನ್ನಲು ಕಾರಣವಿದೆ. ಉದ್ಯಾನ ಆಗುವುದಕ್ಕೆ ಹತ್ತು ವರ್ಷ ಮೊದಲೇ ಜನ ಅದು ಇದೆ ಎಂಬಂತೆ ನಡೆದುಕೊಳ್ಳಲು ಶುರುಮಾಡಿದ್ದರು.

1990ರ ದಶಕದ ಸಾಂಕ್ಟ್ ಪೌಲಿ ಹ್ಯಾಂಬರ್ಗಿನ ಬಡ ಬಡಾವಣೆಗಳಲ್ಲೊಂದು. ಬಂದರಿನ ಕೂಲಿಗಳು, ವಲಸಿಗರು, ರೇಪರ್‌ಬಾನ್ ಬೀದಿಯ ಕೆಂಪು ದೀಪ, ಸಂಗೀತದ ಅಡ್ಡೆಗಳು. ಮನೆಗಳು ಒತ್ತೊತ್ತಾಗಿ, ಬಯಲು ಎನ್ನುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ. ನದಿಗೆ ಮುಖ ಮಾಡಿದ ಒಂದು ತುಂಡು ಜಾಗ ಮಾತ್ರ ಉಳಿದಿತ್ತು. ಅಷ್ಟು ಒಳ್ಳೆಯ ನೋಟವಿರುವ ಜಾಗವನ್ನು ನಗರಾಡಳಿತ ಸುಮ್ಮನೆ ಬಿಟ್ಟೀತೆ? ಅಲ್ಲಿ ಕಟ್ಟಡ ಏಳಿಸುವ ಯೋಜನೆ ಸಿದ್ಧವಾಯಿತು. ನೆರೆಹೊರೆಯವರು ಸಂಘ ಕಟ್ಟಿದರು. ಚರ್ಚಿನ ಪಾದ್ರಿ, ಶಾಲೆ, ಮೂಲೆಯ ಸಂಗೀತ ಕ್ಲಬ್ಬು, ಕ್ರಿಸ್ಟೋಫ್ ಶೇಫರ್ ಮತ್ತು ಕ್ಯಾಥಿ ಸ್ಕೀನ್ ಎಂಬ ಕಲಾವಿದರು, ನಂತರ ಚಿತ್ರನಿರ್ದೇಶಕಿ ಮಾರ್ಗಿಟ್ ಚೆಂಕಿ, ಎಲ್ಲ ಸೇರಿಕೊಂಡರು.

ಪ್ರತಿಭಟನೆ ಎಂದರೆ ನಮಗೆ ಗೊತ್ತಿರುವುದು 'ಬೇಡ' ಎನ್ನುವುದು. ಇವರು 'ಬೇಡ' ಎನ್ನುವುದರ ಜೊತೆಗೆ 'ಏನು ಬೇಕು' ಎಂದೂ ಹೇಳಲು ಹೊರಟರು, ಅದೂ ಯಾರೂ ಕೇಳುವ ಮೊದಲೇ. ಜಾಗದಲ್ಲಿ ಊಟ, ಸಂಗೀತ, ಪ್ರದರ್ಶನ, ಉದ್ಯಾನಗಳ ಚರಿತ್ರೆಯ ಮೇಲೆ ಉಪನ್ಯಾಸ ನಡೆಸಿದರು. ನಗರದ ಸಂಸ್ಕೃತಿ ಇಲಾಖೆಗೆ ಸಾರ್ವಜನಿಕ ಸ್ಥಳದ ಕಲೆಗಾಗಿ ಒಂದು ನಿಧಿಯಿತ್ತು. ಅದಕ್ಕೆ ಅರ್ಜಿ ಹಾಕಿ ಹಣ ಪಡೆದರು. ಒಂದೇ ಆಡಳಿತದ ಒಂದು ಇಲಾಖೆ ಕಟ್ಟಡಕ್ಕೆ ನಕ್ಷೆ ಬರೆಯುತ್ತಿದ್ದರೆ ಇನ್ನೊಂದು ಇಲಾಖೆಯ ಹಣದಲ್ಲಿ ಅದೇ ಜಾಗಕ್ಕೆ ಉದ್ಯಾನದ ನಕ್ಷೆ ತಯಾರಾಗುತ್ತಿತ್ತು. ಈ ಚಾಣಾಕ್ಷತನ ನನಗೆ ಲೋಹದ ತಾಳೆಗಿಂತ ದೊಡ್ಡ ಕಲೆಯಾಗಿ ಕಾಣುತ್ತದೆ.

1997ರಲ್ಲಿ ಆಡಳಿತ ಮಣಿಯಿತು, ಕಟ್ಟಡದ ಯೋಜನೆ ಕೈಬಿಟ್ಟಿತು. ಒಳ್ಳೆಯ ಮನಸ್ಸಿನಿಂದ ಮಣಿಯಿತು ಎಂದುಕೊಳ್ಳಬಾರದು. ಪಕ್ಕದ ಹಾಫೆನ್‌ಸ್ಟ್ರಾಸೆ ಬೀದಿಯ ಖಾಲಿ ಮನೆಗಳನ್ನು 1981ರಿಂದ ಯುವಜನರು ಆಕ್ರಮಿಸಿಕೊಂಡಿದ್ದರು. 1987ರಲ್ಲಿ ತೆರವು ಮಾಡಿಸಲು ಪೊಲೀಸರು ಬರುತ್ತಾರೆಂದು ಬೀದಿಗೆ ತಡೆಗೋಡೆಗಳನ್ನೇ ಕಟ್ಟಿದ್ದರು. ಮೇಯರ್ ಖುದ್ದಾಗಿ ಮಾತು ಕೊಟ್ಟ ಮೇಲಷ್ಟೇ ಅವು ಬಿದ್ದದ್ದು. 1997ರಲ್ಲೇ ಬಡಾವಣೆಯ ಬಂದರು ಆಸ್ಪತ್ರೆ ಮುಚ್ಚುವ ತೀರ್ಮಾನ ಇನ್ನೊಂದು ದೊಡ್ಡ ಚಳವಳಿಯನ್ನು ಎಬ್ಬಿಸಿತ್ತು. ಮತ್ತೊಂದು ಜಗಳ ಆಡಳಿತಕ್ಕೆ ಬೇಕಿರಲಿಲ್ಲ. ಅಧಿಕಾರದ ಕಿವಿ ತೆರೆಯುವುದು ಬಹುಮಟ್ಟಿಗೆ ಹೀಗೆಯೇ, ಅಂಜಿಕೆಯಿಂದ.

ಆದರೆ ಅಂಜಿಕೆ ಬಾಗಿಲನ್ನಷ್ಟೇ ತೆರೆಯುತ್ತದೆ. ಒಳಗೆ ಹೋದ ಮೇಲೆ ಏನು ಕೇಳಬೇಕು, ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದು ಬೇರೆಯದೇ ವಿದ್ಯೆ.

ನಾವಾಗಿದ್ದರೆ ಸಭೆ ಕರೆಯುತ್ತಿದ್ದೆವು. ಶಾಮಿಯಾನ, ವೇದಿಕೆ, ಮೈಕು, ಮುಂದಿನ ಸಾಲಿನಲ್ಲಿ ಗಣ್ಯರು, ಹಿಂದಿನ ಸಾಲಿನಲ್ಲಿ ಎದ್ದು ಕೂಗಾಡುವ ಒಬ್ಬರು, ಕೊನೆಗೆ ವಂದನಾರ್ಪಣೆ. ಸಾಂಕ್ಟ್ ಪೌಲಿಯವರು ಒಂದು ಕಂಟೇನರ್ ತಂದು ಆ ಜಾಗದಲ್ಲೇ ಇಟ್ಟು ಅದನ್ನು ಯೋಜನಾ ಕಚೇರಿ ಎಂದು ಕರೆದರು. ಒಳಗೆ ಉದ್ಯಾನಗಳ ಬಗೆಗಿನ ಪುಸ್ತಕಗಳ ಪುಟ್ಟ ಗ್ರಂಥಾಲಯ, ಮಾದರಿ ಮಾಡಲು ಜೇಡಿಮಣ್ಣಿನಂಥ ಮುದ್ದೆ, ಬಂದ ಆಸೆಗಳನ್ನು ಜೋಡಿಸಿಡುವ ಒಂದು 'ಆಸೆಗಳ ದಫ್ತರ'. ರಾತ್ರಿ ಹೊಳೆದದ್ದು ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತದಲ್ಲ, ಅದಕ್ಕಾಗಿ ಒಂದು ದೂರವಾಣಿ. ಕಂಟೇನರಿಗೆ ಬರಲಾಗದವರ ಮನೆಗೇ ಹೋಗಲು ಒಂದು ಸೂಟ್‌ಕೇಸ್. ಅದರಲ್ಲಿ ಪ್ರಶ್ನಾವಳಿ, ನಕ್ಷೆ, ಮಡಿಕೆ ಬಿಚ್ಚಿದರೆ ಇಡೀ ಬಂದರಿನ ನೋಟ ಕಾಣುವ ಹಾಳೆ, ಆಗಿಂದಾಗಲೇ ಚಿತ್ರ ಕೊಡುವ ಕ್ಯಾಮೆರಾ, ಮಾತು ಹಿಡಿದಿಡುವ ಡಿಕ್ಟಾಫೋನ್.

ಪೆನ್ನು ಹಿಡಿದು ಬರೆಯಲು ಬಾರದವರು, ಆ ದೇಶದ ಭಾಷೆ ಸರಿಯಾಗಿ ಬಾರದವರು, ಸಭೆಯಲ್ಲಿ ಎದ್ದು ನಿಂತರೆ ನಾಲಿಗೆ ಒಣಗುವವರು ಯಾವುದೇ ಊರಿನಲ್ಲಿ ಇರುತ್ತಾರೆ. ಅರ್ಜಿ ನಮೂನೆ ಅವರನ್ನೆಲ್ಲ ಸದ್ದಿಲ್ಲದೆ ಹೊರಗಿಡುತ್ತದೆ. ಮುದ್ದೆಯನ್ನು ಕೈಗೆ ಕೊಟ್ಟರೆ ಅದೇ ಜನ ಮಾತಾಡುತ್ತಾರೆ, ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಒಟ್ಟಿಗೆ ಕೂತು ಸೊಪ್ಪು ಬಿಡಿಸುವಾಗ, ಬೀಡಿ ಕಟ್ಟುವಾಗ ಹೊರಬರುವ ಮಾತು ಮೈಕಿನ ಮುಂದೆ ಬರುವುದೇ ಇಲ್ಲ.

ಕಲೆ ಇಲ್ಲಿ ಮಾಡಿದ ಇನ್ನೊಂದು ಕೆಲಸ ಪ್ರಶ್ನೆಯನ್ನೇ ಬದಲಿಸಿದ್ದು. 'ಎಷ್ಟು ಬೆಂಚು ಬೇಕು, ಎಷ್ಟು ದೀಪ ಬೇಕು' ಎಂದು ಕೇಳಿದರೆ ಜನ ಬೆಂಚನ್ನೂ ದೀಪವನ್ನೂ ಕೇಳುತ್ತಾರೆ, ಏಕೆಂದರೆ ಸರ್ಕಾರದಿಂದ ಸಿಗುವುದು ಅಷ್ಟೇ ಎಂದು ಅವರಿಗೆ ಅನುಭವದಿಂದ ಗೊತ್ತು. 'ಏನು ಆಸೆ' ಎಂದು ಕೇಳಿದ್ದರಿಂದ ತಾಳೆ ಮರ ಬಂತು. ದಿನವೂ ದೂರದೇಶದ ಹಡಗುಗಳನ್ನು ನೋಡುತ್ತ, ಆ ದೇಶಗಳಿಗೆ ಹೋಗಲು ಕೈಯಲ್ಲಿ ಕಾಸಿಲ್ಲದ ಜನರಿಗೆ ತಾಳೆ ಬೇಕೆನಿಸಿರಬಹುದು ಎಂದು ನಾನಂತೂ ಊಹಿಸಿಕೊಂಡಿದ್ದೇನೆ. ಸ್ಟ್ರಾಬೆರಿ ಹಣ್ಣಿನ ಆಕಾರದ ಮರದ ಮೇಲಿನ ಮನೆಯನ್ನೂ ಯಾರೋ ಬಯಸಿದ್ದರು, ಹೆಣ್ಣು ಕಡಲ್ಗಳ್ಳರ ಹೆಸರಿನ ಕಾರಂಜಿಯನ್ನೂ. ಅವು ಆಗಲಿಲ್ಲ. ಆದರೆ ಕಡತದಲ್ಲಿ ಉಳಿದಿವೆ, ತಿರಸ್ಕರಿಸಲಾಗಿದೆ ಎಂಬ ಷರಾ ಇಲ್ಲದೆ.

ಆಸೆಗಳನ್ನು ಕೂಡಿಹಾಕುವುದು ಸುಲಭ, ಹೊಂದಿಸುವುದು ಕಷ್ಟ. ನಾಯಿ ಸಾಕಿದವರಿಗೂ ಮಕ್ಕಳ ತಾಯಂದಿರಿಗೂ ಒಂದೇ ಹುಲ್ಲುಹಾಸು ಬೇಕು. ಸಾಮಾನ್ಯವಾಗಿ ಯೋಜಕರು ಎಲ್ಲರ ಬೇಡಿಕೆಯ ಸರಾಸರಿ ತೆಗೆಯುತ್ತಾರೆ. ಅದರಿಂದಲೇ ಎಲ್ಲ ಊರಿನ ಉದ್ಯಾನಗಳೂ ಒಂದೇ ಥರ ಇರುವುದು, ನಡಿಗೆಯ ಹಾದಿ, ಕಬ್ಬಿಣದ ಬೇಲಿ, ಸುಣ್ಣ ಬಳಿದ ಕಲ್ಲು. ಪಾರ್ಕ್ ಫಿಕ್ಷನ್ನಿನಲ್ಲಿ ಒಂದೊಂದು ಆಸೆಗೂ ತನ್ನದೇ ತುಂಡು ನೆಲ ಸಿಕ್ಕಿತು, ದ್ವೀಪಗಳ ಹಾಗೆ. ಅದಕ್ಕೇ ಇಡೀ ಉದ್ಯಾನ ಸ್ವಲ್ಪ ಹುಚ್ಚುಹುಚ್ಚಾಗಿ ಕಾಣುತ್ತದೆ.

ಯಾವುದನ್ನು ಸೇರಿಸಿ ಹದ ಮಾಡಬೇಕು, ಯಾವುದನ್ನು ಇಡಿಯಾಗಿ ಬಿಡಬೇಕು ಎಂಬ ತಿಳಿವಳಿಕೆ ಯಾವ ಕೈಪಿಡಿಯಲ್ಲೂ ಇಲ್ಲ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಅರಿಸ್ಟಾಟಲ್ ಇದನ್ನು ಬೇರೆಯಾಗಿ ಗುರುತಿಸಿದ್ದ. ಎಲ್ಲ ಕಾಲಕ್ಕೂ ಸಲ್ಲುವ ಶಾಸ್ತ್ರಜ್ಞಾನ ಒಂದು, ವಸ್ತುವನ್ನು ಮಾಡುವ ಕೌಶಲ ಇನ್ನೊಂದು, ಈ ಸಂದರ್ಭದಲ್ಲಿ ಈ ಜನರ ನಡುವೆ ಏನು ಮಾಡುವುದು ಸರಿ ಎಂದು ಕಾಣುವ ವಿವೇಕ ಮೂರನೆಯದು. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲಿಬ್ಯೆರ್ ತನ್ನ ದೇಶದ ಆಲ್‌ಬೋರ್ ನಗರದ ಸಂಚಾರ ಯೋಜನೆಯನ್ನು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ. ನಗರದ ನಡುವೆ ಕಾರುಗಳನ್ನು ಕಡಿಮೆ ಮಾಡಲು ಹೊರಟ, ಪ್ರಶಸ್ತಿಗೆ ಪಾತ್ರವಾದ ಯೋಜನೆ ವರ್ತಕರ ಒತ್ತಡಕ್ಕೆ ಸಿಕ್ಕಿ ಚೂರುಚೂರಾದದ್ದನ್ನು ಬರೆದ. ಶಾಸ್ತ್ರವೂ ಕೌಶಲವೂ ಅಲ್ಲಿ ಸಾಕಷ್ಟಿದ್ದವು. ಆಮೇಲೆ ಆತ ಯೋಜಕರು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಸರಳಗೊಳಿಸಿದ: ನಾವು ಎತ್ತ ಹೋಗುತ್ತಿದ್ದೇವೆ, ಇದರಿಂದ ಯಾರಿಗೆ ಲಾಭ ಯಾರಿಗೆ ನಷ್ಟ, ಹೀಗೆ ಆಗುವುದು ಒಳ್ಳೆಯದೇ, ಅಲ್ಲವಾದರೆ ಏನು ಮಾಡೋಣ. ನಮ್ಮ ವಿಸ್ತೃತ ಯೋಜನಾ ವರದಿಗಳಲ್ಲಿ ಎರಡನೇ ಪ್ರಶ್ನೆಗೆ ಒಂದು ಪುಟವಿದ್ದರೂ ಸಾಕಿತ್ತು.

ಅಮೆರಿಕದ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ಬರೆದ ಲೇಖನ ಇನ್ನೂ ನೇರ. ಜನರ ಪಾಲ್ಗೊಳ್ಳುವಿಕೆಗೆ ಆಕೆ ಎಂಟು ಮೆಟ್ಟಿಲುಗಳ ಏಣಿ ಬರೆದರು. ಕೆಳಗಿನ ಎರಡು ಮೆಟ್ಟಿಲಲ್ಲಿ ಜನರನ್ನು ಕುಣಿಸುವುದು ಮತ್ತು ಸಮಾಧಾನಪಡಿಸುವುದು. ನಡುವಿನ ಮೂರರಲ್ಲಿ ತಿಳಿಸುವುದು, ಅಭಿಪ್ರಾಯ ಕೇಳುವುದು, ಒಂದೆರಡು ಸ್ಥಾನ ಕೊಟ್ಟು ಓಲೈಸುವುದು. ನಿಜವಾದ ಅಧಿಕಾರ ಕೈಗೆ ಬರುವುದು ಮೇಲಿನ ಮೂರರಲ್ಲಿ. ನಮ್ಮಲ್ಲಿ ಐದನೇ ಮೆಟ್ಟಿಲಿಗೆ ತಲುಪಿದರೇ ಅಭಿನಂದನಾ ಸಮಾರಂಭ ಏರ್ಪಾಡಾಗುತ್ತದೆ.

ಬ್ರೆಜಿಲ್‌ನಲ್ಲಿ ಒಬ್ಬ ರಂಗಕರ್ಮಿ ನೇರವಾಗಿ ಮೇಲಿನ ಮೆಟ್ಟಿಲಿಗೇ ಕೈಹಾಕಿದ್ದುಂಟು. ಅಗಸ್ಟೊ ಬೋಆಲ್ 1993ರಿಂದ 1996ರವರೆಗೆ ರಿಯೊ ಡಿ ಜನೈರೊ ನಗರಸಭೆಯ ಸದಸ್ಯರಾಗಿದ್ದರು. ಬಡಾವಣೆಗಳಲ್ಲಿ ನಾಟಕ ಆಡಿಸುತ್ತಿದ್ದರು; ಸಂಕಟದ ಘಟ್ಟ ಬಂದಾಗ ಪ್ರೇಕ್ಷಕರೇ ರಂಗಕ್ಕೆ ಬಂದು 'ಹೀಗೆ ಮಾಡಬಹುದಿತ್ತು' ಎಂದು ಆಡಿ ತೋರಿಸಬೇಕು. ಅಲ್ಲಿ ಹುಟ್ಟಿದ ಸಲಹೆಗಳನ್ನು ಮಸೂದೆ ಮಾಡಿ ಸಭೆಗೆ ತಂದರು. ಅವುಗಳಲ್ಲಿ 13 ಕಾನೂನುಗಳಾದವು. ನಾಟಕ ಚೆನ್ನಾಗಿತ್ತೋ ಇಲ್ಲವೋ, ಮತ ಹಾಕುವ ಕೈಯೂ ಅದೇ ಆಗಿತ್ತು.

ಹ್ಯಾಂಬರ್ಗಿಗೆ ಮರಳೋಣ, ಅಲ್ಲಿಯ ಕಥೆ ಅಷ್ಟು ಸಿಹಿಯಲ್ಲ. 2002ರಲ್ಲಿ ಕಾಸೆಲ್‌ನ ಡಾಕ್ಯುಮೆಂಟಾ ಎಂಬ ಜಗತ್ಪ್ರಸಿದ್ಧ ಕಲಾಪ್ರದರ್ಶನದಲ್ಲಿ ಪಾರ್ಕ್ ಫಿಕ್ಷನ್ನಿನ ದಫ್ತರವನ್ನು ಲೋಕವೇ ನೋಡಿತು. ಉದ್ಯಾನ ಮಾತ್ರ ಇನ್ನೂ ಮುಗಿದಿರಲಿಲ್ಲ. ಅದು ತೆರೆದದ್ದು 2005ರಲ್ಲಿ. ತೆರೆದ ಮೇಲೆ ಬಡಾವಣೆಗೆ ಹೆಸರು ಬಂತು, ಹೆಸರಿನ ಹಿಂದೆ ಬಾಡಿಗೆ ಏರಿತು. ಉದ್ಯಾನವೇ ಇದಕ್ಕೆ ಕಾರಣ ಎನ್ನಲಾಗದು, ಇಡೀ ನದಿದಡವೇ ದುಬಾರಿಯಾಗುತ್ತಿತ್ತು. ಆದರೂ ಕಲಾವಿದರು ಬಂದಲ್ಲಿಗೆ ಹಣವಂತರು ಬರುತ್ತಾರೆ ಎಂಬ ಮಾತಿನಿಂದ ಈ ಕಲಾವಿದರಿಗೂ ತಪ್ಪಿಸಿಕೊಳ್ಳಲಾಗಲಿಲ್ಲ. 2009ರಲ್ಲಿ ಊರಿನ ಸಂಗೀತಗಾರರು, ಕಲಾವಿದರು ಸೇರಿ ತಮ್ಮ ಹೆಸರನ್ನು ನಗರದ ಜಾಹೀರಾತಿಗೆ ಬಳಸಬೇಡಿ ಎಂದು ಬಹಿರಂಗ ಪತ್ರವನ್ನೇ ಹೊರಡಿಸಿದರು.

ಮುಂದಿನ ಅಧ್ಯಾಯ ಇನ್ನೂ ಕಹಿ. ರೇಪರ್‌ಬಾನ್ ಬಳಿ ಪೆಟ್ರೋಲ್ ಬಂಕಿನ ಹೆಸರಿನಿಂದ 'ಎಸ್ಸೊ ಮನೆಗಳು' ಎಂದು ಕರೆಯುತ್ತಿದ್ದ ಹಳೆಯ ವಸತಿ ಕಟ್ಟಡಗಳಿದ್ದವು. 2013ರ ಡಿಸೆಂಬರಿನ ಒಂದು ರಾತ್ರಿ ಗೋಡೆಗಳು ಅದುರಿದವು, ಬಾಡಿಗೆದಾರರನ್ನು ಆ ರಾತ್ರಿಯೇ ಹೊರಡಿಸಿದರು, ಮುಂದಿನ ವರ್ಷ ಕಟ್ಟಡ ಕೆಡವಿದರು. ಚಳವಳಿಯ ಒತ್ತಡದಿಂದ ಹೊಸ ಕಟ್ಟಡಕ್ಕೆ ಜನಾಭಿಪ್ರಾಯ ಸಂಗ್ರಹಿಸುವ ಕೆಲಸ 'ಪ್ಲಾನ್‌ಬೂಡೆ' ಎಂಬ ತಂಡಕ್ಕೆ ಬಂತು. ಅದರಲ್ಲಿ ಪಾರ್ಕ್ ಫಿಕ್ಷನ್ನಿನ ಹಳಬರೂ ಇದ್ದರು. ಈ ಸಲವೂ ಕಂಟೇನರ್, ಮುದ್ದೆ, ಲೆಗೊ ಇಟ್ಟಿಗೆ, ನಕ್ಷೆ. 2,300ರಷ್ಟು ಸಲಹೆಗಳು ಬಂದವು. ಅವನ್ನೆಲ್ಲ ಸೋಸಿ 'ಸಾಂಕ್ಟ್ ಪೌಲಿ ಕೋಡ್' ಎಂಬ ಸೂತ್ರ ತಯಾರಾಯಿತು: ದೊಡ್ಡದಕ್ಕಿಂತ ಸಣ್ಣಸಣ್ಣದು, ದುಬಾರಿಗಿಂತ ಅಗ್ಗ, ದುಡ್ಡು ಖರ್ಚು ಮಾಡದೆಯೂ ಕೂರಬಹುದಾದ ಜಾಗ. 2015ರ ವಾಸ್ತುಶಿಲ್ಪ ಸ್ಪರ್ಧೆ ಈ ಸೂತ್ರದ ಮೇಲೆಯೇ ನಡೆಯಿತು. ನಂತರ? ಮಾಲೀಕ ಕಂಪನಿಯ ಲೆಕ್ಕಾಚಾರ ಹೊಂದಲಿಲ್ಲ, ಕಟ್ಟುವ ಖರ್ಚು ಏರಿತು, ಜಾಗ ವರ್ಷಗಟ್ಟಲೆ ಹಾಳು ಬಿತ್ತು. ಕೇಳುವ ವಿಧಾನದಲ್ಲಿ ಏನೂ ಕೊರತೆಯಿರಲಿಲ್ಲ, ಮೊದಲನೆಯದಕ್ಕಿಂತ ಪಳಗಿದ ಕೆಲಸವೇ ಅದು. ವ್ಯತ್ಯಾಸ ನೆಲದ ಒಡೆತನದಲ್ಲಿತ್ತು. ಉದ್ಯಾನದ ಜಾಗ ಸಾರ್ವಜನಿಕರದು, ಇದು ಆಗ ಖಾಸಗಿಯಾಗಿತ್ತು.

ಕಲೆಯನ್ನು ಬಳಸಿ ಜನರನ್ನು ಕೇಳಿಸಿಕೊಳ್ಳುವುದರ ಬಗ್ಗೆ ಉತ್ಸಾಹದಿಂದ ಮಾತಾಡುವವರು ಈ ಎರಡು ಜಾಗಗಳನ್ನೂ ಒಟ್ಟಿಗೆ ನೋಡಬೇಕು. ಅರ್ಧ ಗಂಟೆಯೂ ಬೇಡ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು.

ಬೆಂಗಳೂರಿನಲ್ಲಿ ನಾವು ಕೇಳಿಸಿಕೊಳ್ಳುವ ಬಗೆ ಹೇಗಿದೆ? 2031ರ ಮಾಸ್ಟರ್ ಪ್ಲಾನಿನ ಕರಡನ್ನು ಬಿಡಿಎ 2017ರ ನವೆಂಬರಿನಲ್ಲಿ ಪ್ರಕಟಿಸಿತು. ಆಕ್ಷೇಪಣೆಗೆ ಕೊಟ್ಟ ಸಮಯ 60 ದಿನ. 13 ಸಾವಿರದಷ್ಟು ಆಕ್ಷೇಪಣೆಗಳು ಬಂದವು. ಆಮೇಲೆ ಆ ಯೋಜನೆಯೇ ಜಾರಿಯಾಗಲಿಲ್ಲ. ಅಷ್ಟೊಂದು ಜನ ಕೂತು ಬರೆದದ್ದು ಎಲ್ಲಿ ಹೋಯಿತು? ಅದರಲ್ಲಿ ಎಷ್ಟು ಜನರ ಮನೆಮುಂದಿನ ರಾಜಕಾಲುವೆಯ ನಿಜಸಂಗತಿ ಇತ್ತು, ಯಾವ ಬೀದಿಯ ಹಳೆಯ ನೀರಿನ ದಾರಿ ಇತ್ತು? ಅದೂ ಒಂದು ಆಸೆಗಳ ಕಡತವೇ. ಯಾರಾದರೂ ಅದನ್ನು ಬಿಡಿಸಿ ಜೋಡಿಸಿ ಪ್ರದರ್ಶನಕ್ಕಿಟ್ಟರೆ ನಗರದ ಅತ್ಯುತ್ತಮ ಸಮೀಕ್ಷೆಗಳಲ್ಲಿ ಒಂದಾದೀತು.

ಕೇಳಿಸಿಕೊಳ್ಳಲೆಂದೇ ಸಂವಿಧಾನ ಒಂದು ಜಾಗ ಮಾಡಿಕೊಟ್ಟಿದೆ. 1992ರ 74ನೇ ತಿದ್ದುಪಡಿಯ ಪ್ರಕಾರ ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು. ಬೆಂಗಳೂರಿಗೆ ಅದು ಬರಲು ಎರಡು ದಶಕ ದಾಟಿತು, ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಬಂದ ಸಮಿತಿಯಲ್ಲೂ ಅಧ್ಯಕ್ಷರಾದ ಕಾರ್ಪೊರೇಟರ್‌ಗೆ ವೀಟೊ ಅಧಿಕಾರ: ಉಳಿದವರೆಲ್ಲ ಒಂದಾಗಿ ಹೇಳಿದ್ದನ್ನೂ ತಳ್ಳಿಹಾಕಬಹುದಿತ್ತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು.

ಕಲೆಯ ಪಾಲು ನಮ್ಮಲ್ಲಿ ಬೇರೆ ಥರ. 2009ರ ಸುಮಾರಿಗೆ ಪಾಲಿಕೆ ನಗರದ ಗೋಡೆಗಳ ಮೇಲೆ ಹಂಪಿ, ಯಕ್ಷಗಾನ, ಜೋಗ ಇತ್ಯಾದಿ ಬರೆಸಿತು. ಬರೆದವರು ಸಿನಿಮಾ ಬ್ಯಾನರ್ ಕಲಾವಿದರು, ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದವರು. ಅವರಿಗೆ ಕೂಲಿ ಸಿಕ್ಕಿದ್ದು ಒಳ್ಳೆಯದೇ. ಆದರೆ ಬೀದಿಬೀದಿ ಸುತ್ತಿ ನಗರ ಬಲ್ಲ ಆ ಕಲಾವಿದರನ್ನು 'ಈ ಗೋಡೆ ಇಲ್ಲಿ ಬೇಕೆ' ಎಂದು ಯಾರೂ ಕೇಳಿದ್ದಿಲ್ಲ. ತೀರ್ಮಾನ ಮುಗಿದು, ಕಾಂಕ್ರೀಟು ಒಣಗಿದ ಮೇಲೆ ಬಣ್ಣದ ಸರದಿ. ಮೇಲ್ಸೇತುವೆಯ ಕಂಬಗಳ ಮೇಲಿನ ಚಿತ್ರಗಳೂ ಅಷ್ಟೇ.

ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ನೀರು ತುಂಬಿದ ರಸ್ತೆಗುಂಡಿಯಲ್ಲಿ ಫೈಬರ್ ಮೊಸಳೆ ಬಿಟ್ಟರು, 2019ರಲ್ಲಿ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ಉಡುಪು ತೊಟ್ಟವರನ್ನು ಚಂದ್ರನ ಮೇಲೆಂಬಂತೆ ನಡೆಸಿದರು. ಎರಡೂ ಸಲ ಪಾಲಿಕೆ ಓಡಿಬಂದು ರಸ್ತೆ ಸರಿಮಾಡಿತು. ನಕ್ಕು ನಕ್ಕು ಹೊಟ್ಟೆ ಹುಣ್ಣಾದರೂ ಇದನ್ನು ಕೇಳಿಸಿಕೊಳ್ಳುವುದು ಎನ್ನಲಾರೆ. ನಾಚಿಕೆಗೆ ಮಾಡಿದ ದುರಸ್ತಿ ಅದು. ಪಕ್ಕದ ರಸ್ತೆಗೆ ಮೊಸಳೆ ಸಿಗಲಿಲ್ಲ.

ಇನ್ನೊಂದು ಕೆಲಸ ಅಷ್ಟು ಸುದ್ದಿಯಾಗಲಿಲ್ಲ. ಬ್ಲ್ಯಾಂಕ್ ನಾಯ್ಸ್ ಎಂಬ ಗುಂಪಿನ ಜಸ್ಮೀನ್ ಪಥೇಜ ಮತ್ತು ವಿದ್ಯಾರ್ಥಿನಿಯರು 2012ರಲ್ಲಿ ಯಲಹಂಕದ ಒಂದು ಓಣಿಯಲ್ಲಿ ಮೇಜು ಕುರ್ಚಿ ಹಾಕಿದರು. ಹುಡುಗಿಯರು ಹಾಯಲು ಹೆದರುತ್ತಿದ್ದ, ಕೆಟ್ಟ ಹೆಸರಿನಿಂದ ಕರೆಯುತ್ತಿದ್ದ ಓಣಿ ಅದು. ಮೇಜಿನ ಒಂದು ಕಡೆ ಒಬ್ಬ ಹುಡುಗಿ, ಇನ್ನೊಂದು ಕಡೆ ದಾರಿಹೋಕ ಅಪರಿಚಿತ, ನಡುವೆ ಚಹಾ. ಮಾತು ಅವರಿಗೆ ಬಿಟ್ಟದ್ದು. ಬೀದಿಯ ಸುರಕ್ಷತೆ ಎಂದರೆ ಕ್ಯಾಮೆರಾ ಮತ್ತು ದೀಪದ ಕಂಬ ಎಂದು ಅಂದಾಜುಪಟ್ಟಿ ಬರೆಯುವ ಎಂಜಿನಿಯರ್‌ಗೆ ಈ ಮೇಜು ಎಲ್ಲಿ ಸೇರಿಸಬೇಕೋ ತಿಳಿಯುವುದಿಲ್ಲ. ಹೆದರಿಕೆ ಎರಡೂ ಕಡೆಯ ಅಪರಿಚಿತತನದಲ್ಲಿದೆ ಎಂದು ಕಾಣಲು ಅಲ್ಲಿ ಕೂರಲೇಬೇಕಿತ್ತು.

ಕೆರೆಗಳ ವಿಷಯದಲ್ಲಿ ವಿವೇಕ ಯಾರ ಬಳಿ ಇತ್ತು ಎಂಬುದಕ್ಕೆ ಹಳೆಯ ಉತ್ತರವಿದೆ: ನೀರಗಂಟಿ. ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಆತ ಯಾವ ಮೀಟರ್ ನೋಡದೆ ಹೇಳುತ್ತಿದ್ದ. ನೆಲದಡಿಯ ನೀರಿನ ವಿಷಯದಲ್ಲಿ ಬಾವಿ ತೋಡುವ ಮಣ್ಣು ವಡ್ಡರದು ಅಂಥದೇ ತಿಳಿವಳಿಕೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳೆತ್ತಿ ಜೀವ ತಂದವರು ಅವರೇ. ಮಾಸ್ಟರ್ ಪ್ಲಾನಿನ ತಜ್ಞರ ಸಮಿತಿಯಲ್ಲಿ ಇಂಥವರಿಗೆ ಕುರ್ಚಿ ಇಟ್ಟದ್ದನ್ನು ನಾನು ಕೇಳಿಲ್ಲ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿ ದಶಕಗಳೇ ಕಳೆದವು. ಒಂದು ಸಣ್ಣ ಕೊಳ ಮಾತ್ರ ಉಳಿದಿದೆ, ಕರಗದ ಆಚರಣೆಗೆ ಅದು ಬೇಕು ಎಂಬ ಕಾರಣಕ್ಕೆ. ನಗರದ ನಕ್ಷೆ ಅಳಿಸಿದ ಕೆರೆಯನ್ನು ತಿಗಳರ ಈ ಹಬ್ಬ ಅಷ್ಟರಮಟ್ಟಿಗೆ ಉಳಿಸಿಕೊಂಡಿತು.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, 48 ಎಕರೆ, ಕೊಳಚೆ ತುಂಬಿ ಸೊರಗಿತ್ತು. ಅಲ್ಲಿಯ ನಿವಾಸಿಗಳು ಪಾಲಿಕೆಯ ಜೊತೆ ನಿಂತು ಸುಮಾರು 2009ರಿಂದ ಅದನ್ನು ಮರಳಿ ಕಟ್ಟಿಸಿದರು. ಬಹಳಷ್ಟು ಕಡೆ ಕೆರೆ ಅಭಿವೃದ್ಧಿ ಎಂದರೆ ಬೇಲಿ ಹಾಕಿ ದನಗಾಹಿಯನ್ನೂ ಅಗಸರನ್ನೂ ಹೊರಗಟ್ಟಿ ವಾಕಿಂಗ್ ಹಾದಿ ಮಾಡುವುದು. ಇಲ್ಲಿ ಗಣಪತಿ ಬಿಡಲು ಬೇರೆ ಕಲ್ಯಾಣಿ ಬಂತು, ಹಕ್ಕಿಗಳಿಗೆ ನಡುಗಡ್ಡೆ ಬಂತು, ಬಯಲು ರಂಗಮಂದಿರ ಬಂತು, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳ ಶೌಚಾಲಯದ ಪ್ರಶ್ನೆಯೂ ಕೆರೆಯ ಪ್ರಶ್ನೆಯ ಜೊತೆಗೇ ಎದ್ದಿತು. ದನ ಸಾಕಿದವರು ಹುಲ್ಲು ಕುಯ್ದುಕೊಂಡು ಹೋಗುವುದು ನಿಲ್ಲಲಿಲ್ಲ. ಕೆರೆ ಹಬ್ಬದಲ್ಲಿ ಕಥೆ, ಚಿತ್ರ, ನಾಟಕ. ಎಲ್ಲರೂ ಸಮಾನವಾಗಿ ಮಾತಾಡಿದರು ಎಂದೇನೂ ಅಲ್ಲ. ಅಪಾರ್ಟ್‌ಮೆಂಟಿನವರ ದನಿ ಅಲ್ಲಿಯೂ ಸ್ವಲ್ಪ ಜೋರು. ಆದರೂ ಹುಲ್ಲಿನ ಹೊರೆ ಹೊತ್ತು ಹೋಗುವವರಿಗೆ ದಾರಿ ಇದೆ.

ಈಗ ಐದೂ ಪಾಲಿಕೆಗಳಿಗೆ ವಾರ್ಡುಗಳ ಗಡಿ ಹೊಸದು, ಸಮಿತಿಗಳೂ ಹೊಸದಾಗಿಯೇ ಆಗಬೇಕು. ಹಳೆಯ ಪಾಲಿಕೆಯಲ್ಲಿ ಸಮಿತಿ ಸಭೆಗೆ ಗೊತ್ತುಮಾಡಿದ್ದು ಶನಿವಾರ. ಪೌರಕಾರ್ಮಿಕರು ಬೆಳಗಿನ ಜಾವಕ್ಕೇ ಪೊರಕೆ ಹಿಡಿದು ಬೀದಿಗಿಳಿದಿರುತ್ತಾರೆ. ಮನೆಗೆಲಸದವರು ಸಭೆಯ ಹೊತ್ತಿಗೆ ಮೂರನೇ ಮನೆಯ ಪಾತ್ರೆಯ ಮುಂದಿರುತ್ತಾರೆ. ತಳ್ಳುಗಾಡಿಯವರಿಗೆ ಶನಿವಾರ ಒಳ್ಳೆಯ ವ್ಯಾಪಾರದ ದಿನ. ಹೊಸ ನಿಯಮ ಬರೆಯುವವರು ಮೊದಲು ಸಭೆಯ ವಾರ ಮತ್ತು ಗಂಟೆಯನ್ನು ಇವರ ಹತ್ತಿರ ಕೇಳಿಕೊಂಡು ಬರಲಿ, ವೀಟೊ ಯಾರಿಗೆ ಎಂಬ ಚರ್ಚೆಯನ್ನು ಆಮೇಲೆ ಇವರ ಎದುರಿಗೇ ಮಾಡೋಣ.